ಇಪ್ಪತ್ತೆರಡು ಹಳದಿ ದಿನಗಳು

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನನ್ನ ಅಂಗೈ ಈಗಲೂ ಕಡಿಯತೊಡಗುತ್ತದೆ. ಹೋದ ತಿಂಗಳು ಬೈಕುಲ್ಲಾದ ಒಂದು ಗಲ್ಲಿಯಲ್ಲಿ ಹಾಗೇ ಆಯಿತು. ಮಗಳು ಅನು ಸಿನಿಮಾ ಸೆಟ್ಟುಗಳ ಆರ್ಟ್ ಡಿಪಾರ್ಟ್‌ಮೆಂಟಿನಲ್ಲಿದ್ದಾಳೆ. ಯಾವುದೋ ಸೆಟ್ಟಿಗೆ ಹಳೆಯ ಹಿತ್ತಾಳೆ ದೀಪ ಬೇಕೆಂದು ಅಲ್ಲಿನ ವರ್ಕ್‌ಶಾಪಿಗೆ ಹೊರಟಿದ್ದಳು, ಸುಮ್ಮನೆ ಜೊತೆಗೆ ಹೋಗಿದ್ದೆ. ಪಕ್ಕದ ಚಾಳಿನ ಗೋಡೆಗೆ ಯಾರೋ ಸುಣ್ಣ ಬಳಿಯುತ್ತಿದ್ದರು. ನಾನು ನಿಂತಲ್ಲೇ ನಿಂತೆ.

“ಅಮ್ಮಾ, ಚಲ್. ಇಲ್ಲಿ ನಿಲ್ಲೋದು ಬೇಡ,” ಎಂದು ಅನು ತೋಳು ಹಿಡಿದಳು. ಇದೇ ಗಲ್ಲಿ ಎಂದು ನಾನು ಹೇಳಿರಲಿಲ್ಲ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

ಮೂರು ವರ್ಷದ ಹಿಂದಿನ ಮಳೆಗಾಲ ಅದು. ನನಗಾಗ ಅರವತ್ತೊಂಬತ್ತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಬಾಂಬೆಗೆ ಬಂದು, ಬಲ್ಲಾರ್ಡ್ ಎಸ್ಟೇಟಿನ ಒಂದು ಶಿಪ್ಪಿಂಗ್ ಕಂಪನಿಯಲ್ಲಿ ಮೂವತ್ತು ವರ್ಷ ಸೆಕ್ರೆಟರಿಯಾಗಿದ್ದು ರಿಟೈರ್ ಆದವಳು ನಾನು. ಗೋರೆಗಾಂವಿನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ನಾನು ಮತ್ತು ಅನು. ನನ್ನ ಗಂಡ ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಎದುರು ಬಾಗಿಲಿನಲ್ಲಿ ಉಡುಪಿ ಕಡೆಯ ಗಿರಿಜಾ. ಅವಳ ಗಂಡ ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದವರು, ಈಗ ಅದನ್ನು ತಮ್ಮನಿಗೆ ಬಿಟ್ಟು ಮನೆಯಲ್ಲಿ ಟಿವಿ ನೋಡುತ್ತಾ ಕೂತಿರುವವರು. ನಾನು ಓದಿ ಹೇಳುವವಳು, ಅವಳು ಮಾಡಿ ಬಡಿಸುವವಳು. ಹಾಗೆಂದು ಇಪ್ಪತ್ತು ವರ್ಷದಿಂದ ನಮ್ಮಿಬ್ಬರ ನಡುವೆ ಒಂದು ಒಪ್ಪಂದ. ಸೊಸೈಟಿಯ ಸರ್ಕ್ಯುಲರ್, ಕರೆಂಟ್ ಬಿಲ್ಲು, ಮಾತ್ರೆಯ ಡಬ್ಬಿ, ಇಂಗ್ಲಿಷಿನಲ್ಲಿ ಏನು ಬಂದರೂ ಅವಳು ನನ್ನ ಮುಂದೆ ಹಿಡಿಯುತ್ತಿದ್ದಳು.

ಮೇ ತಿಂಗಳ ಕೊನೆಗೆ ಮೈ ಕಡಿತ ಶುರುವಾಯಿತು. ಒಂದು ಗುಳ್ಳೆಯಿಲ್ಲ, ಒಂದು ದದ್ದಿಲ್ಲ, ಆದರೆ ಅಂಗೈ, ಅಂಗಾಲು, ಬೆನ್ನು ಎಲ್ಲವೂ ಒಳಗಿನಿಂದ ಕಡಿಯುತ್ತಿದ್ದವು. ಲೇಡಿಯಾದವಳು ನಾಲ್ಕು ಜನರ ಮುಂದೆ ಮೈ ಕೆರೆದುಕೊಳ್ಳಬಾರದೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಆಗ್ನೆಸ್ ಕಲಿಸಿದ್ದರು. ನಾನು ತರಕಾರಿಯವನ ಗಾಡಿಯ ಮುಂದೆ ಎರಡೂ ಕೈ ಮುಷ್ಟಿ ಮಾಡಿಕೊಂಡು ನಿಲ್ಲುತ್ತಿದ್ದೆ. ಸೋಪು ಬದಲಿಸಿದೆ. ಹತ್ತಿಯ ನೈಟಿ ಹೊಲಿಸಿದೆ. ಅದಕ್ಕೂ ಮೊದಲು, ಮಾರ್ಚಿನಲ್ಲಿ, ಹಿಂದೆಂದೂ ಇಲ್ಲದ ಶುಗರ್ ಇದ್ದಕ್ಕಿದ್ದಂತೆ ಏರಿತ್ತು. ವಯಸ್ಸು ಎಂದುಕೊಂಡು ಮಾತ್ರೆ ನುಂಗುತ್ತಿದ್ದೆ. ತೂಕ ಇಳಿದಿತ್ತು. ಲಿಫ್ಟಿನಲ್ಲಿ ಸಿಕ್ಕವರೆಲ್ಲ “ಆಂಟಿ, ಕ್ಯಾ ಸ್ಲಿಮ್ ಹೋ ಗಯೀ!” ಎನ್ನುವಾಗ ಒಳಗೊಳಗೇ ಹಿಗ್ಗಿದ್ದೂ ಉಂಟು. ಆ ಹಿಗ್ಗು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅನು ಔಟ್‌ಡೋರ್ ಶೂಟಿಂಗಿಗೆಂದು ನಾಸಿಕ್ ಕಡೆ ಹೋದ ಮಾರನೆಯ ದಿನ ಮೊದಲ ಮಳೆ ಬಂತು. ಬಾಲ್ಕನಿಯ ಬಟ್ಟೆ ತೆಗೆಯಲು ಸಹಾಯಕ್ಕೆ ಬಂದ ಗಿರಿಜಾ ನನ್ನ ಮುಖ ನೋಡಿ ಬಟ್ಟೆ ಅಲ್ಲೇ ಬಿಟ್ಟಳು.

“ಎಂತ ಲಲಿತಕ್ಕ, ಕಣ್ಣು ಎಂತ ಹೀಗೆ ಹಳದಿ ಹಳದಿ?”

“ಲೈಟ್ ಇಲ್ಲದ್ದಕ್ಕೆ ಹಾಗೆ ಕಾಣ್ತಿರಬೇಕು ಕಣೇ.”

“ಎಂತ ಲೈಟು ಮಾರಾಯ್ರೆ! ಇದು ಕಾಮಾಲೆಯೇ. ಹೆದರ್ಬೇಡಿ, ಕಾಮಾಲೆಗೆ ಡಾಕ್ಟ್ರ ಹತ್ರ ಮದ್ದೇ ಇಲ್ಲ, ರೆಸ್ಟ್ ಮಾಡಿ ಅಂತ ಅವ್ರೇ ಹೇಳ್ತಾರೆ. ಬೈಕುಲ್ಲಾದಲ್ಲಿ ಕಾಮಾಲೆ ಇಳಿಸುವ ಮರಾಠಿ ಹೆಂಗ್ಸು ಒಬ್ರು ಇದ್ದಾರೆ, ಎಲ್ರೂ ಬಾಯಿ ಅಂತ ಕರೆಯುದು. ನಮ್ಮ ಹೋಟ್ಲಿನ ಎಷ್ಟು ಜನಕ್ಕೆ ಅವ್ರೇ ಇಳಿಸಿದ್ದು. ಮೂರು ಆದಿತ್ಯವಾರ ಹೋದ್ರೆ ಸಮ ಆಗ್ತದೆ.”

ನಾನು ನಕ್ಕೆ. ಬಯಾಲಜಿಯಲ್ಲಿ ಡಿಸ್ಟಿಂಕ್ಷನ್ ತೆಗೆದವಳು. ನಕ್ಕವಳು ಭಾನುವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಅವಳ ಜೊತೆ ಲೋಕಲ್ ಟ್ರೇನ್ ಹತ್ತಿದೆ. ಯಾಕೆ ಹೋದೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಒಂದೇ ಉತ್ತರವಿದೆ. ಡಾಕ್ಟರ ಬಳಿ ಹೋದರೆ ಟೆಸ್ಟ್ ಬರೆಯುತ್ತಾರೆ, ಟೆಸ್ಟಿನಲ್ಲಿ ಏನಾದರೂ ಕಾಣುತ್ತದೆ. ಬೈಕುಲ್ಲಾದ ಬಾಯಿ ಟೆಸ್ಟ್ ಬರೆಯುವವಳಲ್ಲ.

ಚಾಳಿನ ಮೊದಲ ಮಹಡಿಯ ಒಂದು ರೂಮು. ಬಾಗಿಲಲ್ಲಿ ಏಳೆಂಟು ಹಳದಿ ಮುಖಗಳು, ಯಾರೂ ಮಾತಾಡುವಂತಿಲ್ಲ. ಬಾಯಿ ನನ್ನ ಅಂಗೈಗಳಿಗೆ ಸುಣ್ಣದ ನೀರು ಸವರಿ, ತಟ್ಟೆಯೊಂದರ ಮೇಲೆ ಹಿಡಿದು ತಿಕ್ಕಿ ತೊಳೆದಳು. ತಟ್ಟೆಯ ನೀರು ನೋಡುನೋಡುತ್ತಲೇ ಹಳದಿಯಾಯಿತು. “ಬಘಾ,” ನೋಡಿ, ಎಂದಳು. ಗಿರಿಜಾ ನನ್ನ ಬೆನ್ನು ತಿವಿದಳು. ಆಮೇಲೆ ಯಾವುದೋ ಬಳ್ಳಿಯ ಸಣ್ಣ ಸಣ್ಣ ಕಡ್ಡಿಗಳನ್ನು ದಾರಕ್ಕೆ ಬಿಗಿದ ಮಾಲೆಯೊಂದನ್ನು ನನ್ನ ತಲೆಯ ಮೇಲೆ ಇಟ್ಟಳು, ಕಿರೀಟದ ಹಾಗೆ. ದಿನ ಹೋದಂತೆ ಮಾಲೆ ತಾನಾಗಿ ಉದ್ದವಾಗಿ ಕೊರಳಿಗೆ, ಎದೆಗೆ, ಕಾಲಿಗೆ ಇಳಿಯುತ್ತದೆ. ಮಾಲೆಯೊಡನೆ ಕಾಮಾಲೆಯೂ ಇಳಿಯುತ್ತದೆ. ಅಲ್ಲಿಯವರೆಗೆ ಎಣ್ಣೆ ಇಲ್ಲ, ಅರಿಸಿನ ಇಲ್ಲ. ಗಂಜಿ, ಮಜ್ಜಿಗೆ, ಕಬ್ಬಿನ ಹಾಲು.

ಕಡ್ಡಿ ಒಣಗಿ ಸಣ್ಣಗಾದಾಗ ಗಂಟು ಸಡಿಲವಾಗಿ ದಾರ ಉದ್ದವಾಗುತ್ತದೆ ಎಂದು ತಿಳಿಯಲು ಕಾನ್ವೆಂಟ್ ಬೇಕಿಲ್ಲ. ಆದರೂ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಅದು ಎಷ್ಟು ಬೆರಳು ಇಳಿದಿದೆ ಎಂದು ಅಳೆಯುತ್ತಿದ್ದೆ. ಮಾಲೆ ಇಳಿಯುತ್ತಿತ್ತು. ನನ್ನ ಹಳದಿ ಏರುತ್ತಿತ್ತು. ಶುಗರ್ ಇದ್ದವಳು ದಿನಕ್ಕೆ ಎರಡು ಲೋಟ ಕಬ್ಬಿನ ಹಾಲು ಕುಡಿಯುತ್ತಿದ್ದೆ. ಮೂತ್ರ ಕಡು ಚಹಾದ ಬಣ್ಣವಾಗಿತ್ತು. ಅನು ವಿಡಿಯೊ ಕಾಲ್ ಮಾಡಿದರೆ ಕ್ಯಾಮರಾ ಕೆಟ್ಟಿದೆ ಎನ್ನುತ್ತಿದ್ದೆ. ಎರಡನೇ ಭಾನುವಾರ ಹೋದೆವು, ಮೂರನೆಯದೂ ಹೋದೆವು. ಮೂರನೆಯ ಸಲ ಬಾಯಿ ನನ್ನ ಕಣ್ಣು ಅಗಲಿಸಿ ನೋಡಿ, ತಟ್ಟೆ ಪಕ್ಕಕ್ಕೆ ಸರಿಸಿ, “ದವಾಖಾನ್ಯಾತ್ ಜಾ,” ಎಂದಳು. ಆಸ್ಪತ್ರೆಗೆ ಹೋಗು. ಆ ಮಾತು ಮೊದಲು ಹೇಳಿದ್ದು ಅವಳೇ ಎಂಬುದನ್ನು ಮರೆಯಬಾರದು. ದಾರಿಯುದ್ದಕ್ಕೂ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಮನೆಗೆ ಬಂದರೆ ಅನು ಎರಡು ದಿನ ಮೊದಲೇ ಬಂದುಬಿಟ್ಟಿದ್ದಳು. ಬಾಗಿಲು ತೆಗೆದವಳು ನನ್ನ ಮುಖ ನೋಡಿದಳು, ಸೊಂಟದ ಬಳಿ ನೇತಾಡುತ್ತಿದ್ದ ಮಾಲೆ ನೋಡಿದಳು. ಅಡುಗೆಮನೆಯಿಂದ ಕತ್ತರಿ ತಂದು ದಾರ ಕತ್ತರಿಸಿದಳು.

ಮೂರು ದಿನದೊಳಗೆ ಸ್ಕ್ಯಾನ್ ಆಯಿತು. ಪ್ಯಾಂಕ್ರಿಯಾಸ್. ಕನ್ನಡದಲ್ಲಿ ಮೇದೋಜ್ಜೀರಕ ಗ್ರಂಥಿ ಎನ್ನುತ್ತಾರಂತೆ. ಅದರ ತಲೆಯ ಭಾಗದಲ್ಲಿ ಒಂದು ಗಡ್ಡೆ ಕೂತು ಪಿತ್ತದ ನಾಳವನ್ನು ಒತ್ತಿಹಿಡಿದಿತ್ತು. ಕ್ಯಾನ್ಸರ್. ಸರ್ಜನ್ ನನ್ನ ಮಗಳಿಗಿಂತ ಚಿಕ್ಕವರಂತೆ ಕಂಡರು. ಕಾಗದದ ಹಿಂದೆ ಚಿತ್ರ ಬರೆದು, ಎಲ್ಲಿ ಕತ್ತರಿಸುವುದು, ಮತ್ತೆ ಎಲ್ಲಿಂದ ಎಲ್ಲಿಗೆ ಜೋಡಿಸುವುದು ಎಂದು ತೋರಿಸಿದರು. ಗಡ್ಡೆ ಒಂದು ದೊಡ್ಡ ರಕ್ತನಾಳಕ್ಕೆ ತಗುಲಿಕೊಂಡಂತೆ ಕಾಣುತ್ತಿದೆ ಎಂದರು. ಬರೀ ತಗುಲಿದ್ದರೆ ತೆಗೆಯಬಹುದು, ಸುತ್ತಿಕೊಂಡಿದ್ದರೆ ತೆಗೆಯಲಾಗದು. ಹೊಟ್ಟೆ ತೆರೆದ ಮೇಲೆಯೇ ಗೊತ್ತಾಗುವುದು.

ಆಮೇಲೆ ಪೆನ್ನು ಕೈಗೆತ್ತಿಕೊಂಡು ಕೇಳಿದರು. “ಸೋ, ಹಳದಿ ಶುರುವಾಗಿ ಎಷ್ಟು ದಿನ ಆಯಿತು?”

ಗಿರಿಜಾ ನನ್ನ ಪಕ್ಕದ ಕುರ್ಚಿಯಲ್ಲಿದ್ದಳು. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಅಬೌಟ್ ಎ ವೀಕ್, ಡಾಕ್ಟರ್,” ಎಂದೆ.

“ಅಲ್ಲ,” ಎಂದಳು ಗಿರಿಜಾ. ಅಷ್ಟು ಇಂಗ್ಲಿಷ್ ಅವಳಿಗೂ ಬರುತ್ತಿತ್ತು. “ಬಾಯೀಸ್ ದಿನ್, ಡಾಕ್ಟರ್ ಸಾಬ್. ಇಪ್ಪತ್ತೆರಡು. ನಾನೇ ಲೆಕ್ಕ ಇಟ್ಟದ್ದು.”

ಡಾಕ್ಟರ್ ನಮ್ಮಿಬ್ಬರನ್ನೂ ನೋಡಿ, ಇಪ್ಪತ್ತೆರಡು ಎಂದು ಬರೆದುಕೊಂಡರು.

ಕಾರಿಡಾರಿನಲ್ಲಿ ಅನುವಿಗೆ ತಡೆಯಲಾಗಲಿಲ್ಲ. “ಬಾಯೀಸ್ ದಿನ್, ಆಂಟಿ! ಆ ಇಪ್ಪತ್ತೆರಡು ದಿನದಲ್ಲೇ ಅದು ಆ ರಕ್ತನಾಳಕ್ಕೆ ಹೋಗಿ ಟಚ್ ಆಗಿದ್ರೆ? ನೀವು ಏನ್ ಮಾಡಿದ್ರಿ ಗೊತ್ತಾ ನಿಮಗೆ?”

“ಅನೂ, ಸಾಕು. ಹೋದವಳು ನಾನು,” ಎಂದೆ.

“ನೀನು ಚುಪ್ ಇರು ಅಮ್ಮಾ. ನೀನಂತೂ ಡಾಕ್ಟರ್ ಮುಂದೆನೂ ಸುಳ್ಳು ಹೇಳ್ತೀಯ.”

ಅವತ್ತಿನಿಂದ ಗಿರಿಜಾಳ ಬಾಗಿಲು ಮುಚ್ಚಿತು. ಒಗ್ಗರಣೆಯ ಘಾಟು ಮಾತ್ರ ಬಾಗಿಲ ಸಂದಿನಿಂದ ಬರುತ್ತಿತ್ತು, ಬಟ್ಟಲು ಬರುತ್ತಿರಲಿಲ್ಲ.

ಕೂಡಲೇ ಆಪರೇಷನ್ ಮಾಡುವಂತಿರಲಿಲ್ಲ, ರಕ್ತದಲ್ಲಿ ಹಳದಿ ಅಷ್ಟು ಏರಿತ್ತು. ಬಾಯಿಯಿಂದ ನಳಿಕೆ ಇಳಿಸಿ ಪಿತ್ತದ ನಾಳದಲ್ಲಿ ಸ್ಟೆಂಟ್ ಇಟ್ಟರು. ಇನ್ನು ಹಳದಿ ಇಳಿಯುವವರೆಗೆ ಕಾಯಬೇಕು. ಕಾಯುವುದೆಂದರೆ ಒಳಗಿನ ಗಡ್ಡೆಗೂ ಅಷ್ಟೇ ದಿನದ ಅವಕಾಶ ಕೊಟ್ಟಂತೆ. ಜುಲೈ ಪೂರ್ತಿ ಮಳೆ ಹೊಡೆಯಿತು. ಸ್ಟೆಂಟಿಗೆ ಸೋಂಕು ತಗುಲಿ ಚಳಿಜ್ವರ ಬಂತು, ಮತ್ತೆ ಆಡ್ಮಿಟ್, ಆಪರೇಷನ್ ಹತ್ತು ದಿನ ಮುಂದಕ್ಕೆ. ನಾನು ಮನಸ್ಸಿನಲ್ಲೇ ಇಪ್ಪತ್ತೆರಡಕ್ಕೆ ಹತ್ತು ಕೂಡಿಸಿದೆ. ಅನು ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿದ್ದಳು. ಫೋನಿನಲ್ಲಿ ಏನೇನೋ ಓದುತ್ತಿದ್ದಳು. ನಾನು ಹತ್ತಿರ ಬಂದರೆ ಫೋನು ಮಗುಚಿಡುತ್ತಿದ್ದಳು. ನಾನೂ ಅದನ್ನೇ ಓದುತ್ತಿದ್ದೆ, ಬಾತ್‌ರೂಮಿನಲ್ಲಿ.

ಆಪರೇಷನ್ನಿನ ಹಿಂದಿನ ದಿನ ಸರ್ಜನ್ ಬಂದು ಮಂಚದ ತುದಿಯಲ್ಲಿ ಕೂತರು. “ಬೆಳಿಗ್ಗೆ ಎಂಟೂವರೆಗೆ ಶುರು. ಸರಿಯಾಗಿ ನಡೆದರೆ ಏಳೆಂಟು ಗಂಟೆ ಬೇಕು. ಒಳಗೆ ನೋಡಿ ಆಗುವುದಿಲ್ಲ ಎನಿಸಿದರೆ ಬೇಗ ಮುಚ್ಚಿಬಿಡುತ್ತೇನೆ,” ಎಂದರು. ಬೇಗ ಎನ್ನುವ ಶಬ್ದಕ್ಕೆ ಅಷ್ಟು ಹೆದರಿದ್ದು ಅದೇ ಮೊದಲು.

ಅವತ್ತಿನ ಕಥೆ ನನಗೆ ಗೊತ್ತಿರುವುದು ಅನು ಹೇಳಿದಷ್ಟು. ವೇಯ್ಟಿಂಗ್ ಹಾಲಿನಲ್ಲಿ ಸ್ಪೀಕರ್ ಇದೆ. ಆಪರೇಷನ್ ಮುಗಿದಾಗ ಪೇಶಂಟಿನ ಹೆಸರು ಕರೆದು ಸಂಬಂಧಿಕರನ್ನು ಕೌಂಟರಿಗೆ ಬರಹೇಳುತ್ತಾರೆ. ಹೊರಗೆ ಜಡಿಮಳೆ, ಸಯನ್ ಬಳಿ ಹಳಿಯ ಮೇಲೆ ನೀರು ನಿಂತು ಲೋಕಲ್ ಬಂದ್. ಹೇಗೆ ಬಂದಳೋ, ಒಂಬತ್ತರ ಹೊತ್ತಿಗೆ ಗಿರಿಜಾ ಮೊಣಕಾಲವರೆಗೆ ಸೀರೆ ಒದ್ದೆ ಮಾಡಿಕೊಂಡು ಬಂದು ಹಾಲಿನ ಇನ್ನೊಂದು ತುದಿಯಲ್ಲಿ ಕೂತಳಂತೆ. ಅನು ನೋಡಿದರೂ ನೋಡದ ಹಾಗೆ ಇದ್ದಳು.

ಹತ್ತೂ ಇಪ್ಪತ್ತಕ್ಕೆ ಸ್ಪೀಕರಿನಲ್ಲಿ ನನ್ನ ಹೆಸರು ಬಂತು.

ಎರಡು ಗಂಟೆಯೂ ಆಗಿರಲಿಲ್ಲ. ಅನುವಿಗೆ ಎದ್ದು ನಿಲ್ಲಲಾಗಲಿಲ್ಲ. “ಲಲಿತಾ ಕೇ ರಿಲೇಟಿವ್,” ಎಂದು ಮತ್ತೆ ಕರೆದರು. ಯಾರೋ ಹೆಗಲ ಮೇಲೆ ಕೈಯಿಟ್ಟರು.

“ನೀನು ಕೂತ್ಕೋ ಮಗಾ. ನಾನು ಹೋಗಿ ಕೇಳಿ ಬರ್ತೇನೆ.”

ಕೌಂಟರಿನ ಮುಂದೆ ಗಿರಿಜಾಳ ಬೆನ್ನು ಮಾತ್ರ ಕಾಣುತ್ತಿತ್ತಂತೆ. ಆ ಬೆನ್ನು ತಿರುಗುವುದನ್ನು ಕಾಯುತ್ತಾ ಕೂತದ್ದನ್ನು ಅನು ಈಗಲೂ ಹೇಳುತ್ತಿರುತ್ತಾಳೆ. ಗಿರಿಜಾ ತಿರುಗಿದವಳೇ ಹಾಲಿನ ಆ ತುದಿಯಿಂದಲೇ ಕೂಗಿದಳು. “ರಕ್ತ! ಇನ್ನೆರಡು ಬಾಟ್ಲಿ ರಕ್ತ ಬೇಕಂತೆ, ಸೈನ್ ಮಾಡ್ಬೇಕಂತೆ ಅಷ್ಟೇ! ಕೆಲ್ಸ ನಡೀತಾ ಉಂಟು! ಮುಚ್ಚಲಿಲ್ಲ ಮಾರಾಯ್ತಿ, ಮುಚ್ಚಲಿಲ್ಲ!”

ರಕ್ತ ಬೇಕೆಂಬ ಸುದ್ದಿಗೆ ಹಾಗೆ ಕುಣಿದವರನ್ನು ಆ ಹಾಲಿನಲ್ಲಿ ಯಾರೂ ನೋಡಿರಲಾರರು. ಅನು ಸೈನ್ ಮಾಡಿ ಬಂದು ಅವಳ ಪಕ್ಕದಲ್ಲಿ ಕೂತಳು. ಮಧ್ಯಾಹ್ನ ಗಿರಿಜಾ ಸ್ಟೀಲ್ ಡಬ್ಬಿಯಿಂದ ಎರಡು ಇಡ್ಲಿ ತೆಗೆದುಕೊಟ್ಟಾಗ ಅನು ತಿಂದಳಂತೆ.

ನನಗೆ ಎಚ್ಚರವಾದಾಗ ಮೊದಲು ಕಂಡದ್ದು ನೀಲಿ ಪರದೆ. ಗಂಟಲಲ್ಲಿ ನೋವು, ಮೂಗಲ್ಲಿ ನಳಿಕೆ. ಗಡಿಯಾರ ಎಲ್ಲೂ ಇಲ್ಲ. ನರ್ಸ್ ಹುಡುಗಿ ಹತ್ತಿರ ಬಂದಳು. ಟೈಮ್ ಎಂದು ಕೇಳಲು ನಾಲಿಗೆ ಏಳುತ್ತಿಲ್ಲ. ಅವಳ ಮಣಿಕಟ್ಟು ಹಿಡಿದು ವಾಚಿನ ಮೇಲೆ ಬೆರಳಿಟ್ಟೆ.

“ಸಾಡೇಪಾಚ್ ಝಾಲೇ, ಆಜೀ,” ಎಂದಳು. ಐದೂವರೆ ಆಯಿತು, ಅಜ್ಜಿ.

ಎಂಟೂವರೆಯಿಂದ ಐದೂವರೆ. ಅಮಲಿನಲ್ಲಿ ಆ ಲೆಕ್ಕ ನನಗೆ ಕೂಡಲಿಲ್ಲ, ಬೆರಳು ಮಡಿಸಿ ಎಣಿಸಿದೆ. ಒಂಬತ್ತು. ಮತ್ತೊಮ್ಮೆ ಎಣಿಸಿದೆ.

ಬಯಾಪ್ಸಿ ರಿಪೋರ್ಟಿನಲ್ಲಿ ಕತ್ತರಿಸಿದ ಅಂಚುಗಳೆಲ್ಲ ಶುದ್ಧವಾಗಿದ್ದವು. ಆದರೆ ಹತ್ತಿರದ ಒಂದು ದುಗ್ಧರಸ ಗ್ರಂಥಿಗೆ, ಅಂದರೆ ಲಿಂಫ್ ನೋಡಿಗೆ, ರೋಗ ತಲುಪಿತ್ತು. ಒಂದೇ ಒಂದು. ಅದು ಯಾವಾಗ ತಲುಪಿತು? ಹಳದಿಗೆ ಮೊದಲೇ? ಅಥವಾ ನಾನು ಕನ್ನಡಿಯ ಮುಂದೆ ಮಾಲೆ ಅಳೆಯುತ್ತಿದ್ದ ಒಂದು ಬೆಳಿಗ್ಗೆ? ಡಾಕ್ಟರನ್ನು ಕೇಳಬೇಕೆಂದು ಪ್ರತಿ ಸಲ ಬಾಯಿ ತೆರೆಯುತ್ತಿದ್ದೆ, ಪ್ರತಿ ಸಲವೂ ಮಲಬದ್ಧತೆಯ ಬಗ್ಗೆ ಕೇಳಿ ಎದ್ದು ಬರುತ್ತಿದ್ದೆ.

ಗಿರಿಜಾಳ ಬಾಗಿಲು ಮತ್ತೆ ತೆರೆದಿತ್ತು. ಮನೆಗೆ ಬಂದ ವಾರದಲ್ಲೇ ಒಂದು ದಿನ, ಗಂಜಿ ಆರಿಸುತ್ತಾ ಅವಳು ತಲೆ ಎತ್ತದೆ ಕೇಳಿದಳು. “ಡಾಕ್ಟ್ರು ಎಂತ ಹೇಳಿದ್ರು, ಆ ದಿನಗಳ ಬಗ್ಗೆ?”

“ಕೇಳಿದೆ ಕಣೇ. ಅದರಿಂದ ಏನೂ ಡಿಫರೆನ್ಸ್ ಆಗಿಲ್ಲವಂತೆ,” ಎಂದೆ. ನಾನು ಸುಳ್ಳು ಹೇಳುವಾಗ ದನಿ ಬಹಳ ಸ್ಪಷ್ಟವಾಗಿರುತ್ತದೆ. ಅದೂ ಕಾನ್ವೆಂಟಿನ ಕೊಡುಗೆಯೇ.

“ಹೌದಾ,” ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಅಕ್ಟೋಬರಿನಿಂದ ಮಾರ್ಚಿನವರೆಗೆ ಕೀಮೋ. ಆ ಆರು ತಿಂಗಳು ನನ್ನನ್ನು ತಿನ್ನಿಸಿದ್ದು ಗಿರಿಜಾ. ಉಳಿದ ಪ್ಯಾಂಕ್ರಿಯಾಸ್ ಸಾಕಷ್ಟು ರಸ ಕೊಡುವುದಿಲ್ಲವಾದ್ದರಿಂದ ಊಟದ ಮೊದಲ ತುತ್ತಿನ ಜೊತೆ ಎನ್‌ಜೈಮ್ ಕ್ಯಾಪ್ಸೂಲ್ ನುಂಗಬೇಕು. ಇವತ್ತಿಗೂ ನುಂಗುತ್ತೇನೆ, ಇನ್ಸುಲಿನ್ನೂ ಇದೆ. ಎಣ್ಣೆ ಕಡಿಮೆ. ಹೋಟೆಲಿನ ಹೆಂಗಸಿಗೆ ಅದೇ ದೊಡ್ಡ ಶಿಕ್ಷೆ. “ಒಗ್ಗರಣೆ ಇಲ್ಲದ ಸಾರು ಅಂದ್ರೆ ಎಂತ ಲಲಿತಕ್ಕ, ಅದು ಕೈ ತೊಳೆವ ನೀರಲ್ವಾ? ಮಾತ್ರೆ ಎಲ್ಲಿ? ಮೊದ್ಲು ಅದು ಬಾಯಿಗೆ!” ಎಂದು ಗದರುತ್ತಿದ್ದಳು. ಬಾಯಿಯೆಲ್ಲ ತಗಡಿನ ರುಚಿ, ತಣ್ಣನೆಯ ಲೋಟ ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದಂತೆ. ನಾಲ್ಕು ತುತ್ತು ಒಳಗೆ ಹೋದರೆ ಅವಳು ಐದನೆಯದಕ್ಕೆ ಜಗಳವಾಡುತ್ತಿದ್ದಳು. ಆದರೆ ನಾನು ಕಂಡದ್ದು ಇನ್ನೊಂದು. ಅವಳು ನನ್ನ ಮನೆಯಲ್ಲಿ ಒಂದು ಲೋಟ ನೀರನ್ನೂ ಕುಡಿಯುತ್ತಿರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದಳು, ಹಿಂದೆ ಒರಗುತ್ತಿರಲಿಲ್ಲ. “ನೀವು ಹುಷಾರಾಗಿದ್ದೀರಿ” ಎಂದು ಬಿಲ್ಡಿಂಗಿನವರು ಹೇಳಿದರೆ, ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ನಾನೂ ಆ ಮಾತಿಗೆ ಥ್ಯಾಂಕ್ಯೂ ಎನ್ನುತ್ತಿದ್ದೆ, ಒಳಗೆ ಇಳಿಸಿಕೊಳ್ಳುತ್ತಿರಲಿಲ್ಲ. ರೋಗಿಯ ಮುಂದೆ ಎಲ್ಲರೂ ಸಿಹಿಯಾಗಿ ಮಾತಾಡುತ್ತಾರೆ. ಬೆನ್ನಿನಲ್ಲಿ ಸ್ವಲ್ಪ ಸೆಳೆದರೂ, ಬಂತು, ಮತ್ತೆ ಬಂತು ಎಂದುಕೊಂಡು ಗೋಡೆ ಹಿಡಿಯುತ್ತಿದ್ದೆ.

ಏಪ್ರಿಲಿನಲ್ಲಿ, ಕೀಮೋ ಮುಗಿದ ಮೇಲಿನ ಮೊದಲ ಸ್ಕ್ಯಾನ್. ಮೂವರೂ ಹೋದೆವು. ಸರ್ಜನ್ ಪರದೆಯ ಮೇಲೆ ನನ್ನ ಹೊಟ್ಟೆಯ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಾ ಹೋದರು. ಒಂದು ಕಡೆ ನಿಂತರು. ಹಿಂದೆ ಹೋದರು. ಮತ್ತೆ ಮುಂದೆ ಬಂದರು. ಅನುವಿನ ಉಗುರು ನನ್ನ ಅಂಗೈಯಲ್ಲಿ ಊರಿತ್ತು.

“ಕ್ಲೀನ್,” ಎಂದರು. “ಇವತ್ತು ಕಾಣುವಂಥದ್ದು ಏನೂ ಇಲ್ಲ. ಮೂರು ತಿಂಗಳಿಗೆ ಮತ್ತೆ ನೋಡೋಣ.”

ಅನು ಅಳತೊಡಗಿದಳು. ನಾನು, ಅಭ್ಯಾಸಬಲ, ಥ್ಯಾಂಕ್ಯೂ ಡಾಕ್ಟರ್ ಎಂದೆ. ಏಳಬೇಕು ಎನ್ನುವಷ್ಟರಲ್ಲಿ ಗಿರಿಜಾ ಮುಂದೆ ಬಾಗಿ ತನ್ನ ಹೋಟೆಲ್ ಹಿಂದಿಯಲ್ಲಿ ಕೇಳಿಯೇಬಿಟ್ಟಳು. “ಡಾಕ್ಟರ್ ಸಾಬ್, ವೋ ಬಾಯೀಸ್ ದಿನ್. ಉಸ್ ಸೇ ಕುಛ್ ಹುವಾ ಕ್ಯಾ?” ಆ ಇಪ್ಪತ್ತೆರಡು ದಿನದಿಂದ ಏನಾದರೂ ಆಯಿತಾ?

ನಾನು ಡಾಕ್ಟರ ಮುಖ ನೋಡಿ, ಬೇಡ ಎಂಬಂತೆ ತಲೆಯಾಡಿಸಿದೆ. ಅವರು ನೋಡಿದರು. ನೋಡಿಯೂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಾಲೂಮ್ ನಹೀ, ಆಂಟಿ. ಫರಕ್ ಆಗಿರಬಹುದು, ಆಗದೆಯೂ ಇರಬಹುದು. ಆ ಗ್ರಂಥಿಗೆ ಯಾವಾಗ ಹೋಯಿತೆಂದು ನಾನಲ್ಲ, ಯಾರೂ ಹೇಳಲಾರರು. ಬೇಗ ಬಂದಿದ್ದರೆ ಒಳ್ಳೆಯದಿತ್ತು.”

ನನಗೆ ಮೈ ಉರಿದುಹೋಯಿತು. ಒಂದು ಒಳ್ಳೆಯ ಮಾತು ಹೇಳಿದ್ದರೆ ಆತನ ಗಂಟೇನು ಹೋಗುತ್ತಿತ್ತು? ಹೊರಗೆ ಬಂದು, ಅನು ಟ್ಯಾಕ್ಸಿ ಹುಡುಕಲು ಹೋದಾಗ, ಕಾರಿಡಾರಿನ ಬೆಂಚಿನ ಮೇಲೆ ಗಿರಿಜಾಳನ್ನು ಕೂರಿಸಿದೆ. ಏನು ಹೇಳಲಿ ಎಂದು ಮಾತು ಹುಡುಕುತ್ತಿದ್ದೆ. ಅವಳೇ ಮೊದಲು ಬಾಯಿ ತೆರೆದಳು.

“ನೀವು ಅವ್ರ ಹತ್ರ ಕೇಳ್ಲೇ ಇಲ್ಲ ಅಲ್ವಾ ಲಲಿತಕ್ಕ? ನನ್ನ ಹತ್ರ ಸುಳ್ಳು ಹೇಳಿದ್ದು.”

“ಹೂಂ,” ಎಂದೆ.

“ನಂಗೆ ಗೊತ್ತಿತ್ತು.” ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ನಿರೀಕ್ಷಿಸಿದ ಅಳು ಬರಲಿಲ್ಲ. ಡಾಕ್ಟರ ರೂಮಿನ ಬಾಗಿಲನ್ನು ನೋಡುತ್ತಾ ಬೆನ್ನನ್ನು ನಿಧಾನಕ್ಕೆ ಹಿಂದಿನ ಗೋಡೆಗೆ ಆನಿಸಿದಳು.

“ಈ ಡಾಕ್ಟ್ರು ನಮ್ಗೆ ಸಮಾಧಾನ ಆಗ್ಲಿ ಅಂತ ಮಾತಾಡುವ ಜನ ಅಲ್ಲ,” ಎಂದಳು. “ಅಲ್ವಾ? ಹಾಗಾದ್ರೆ ಕ್ಲೀನ್ ಅಂತ ಹೇಳಿದ್ದು ಸಹ ನಿಜವೇ.”

ಅಲ್ಲಿಯವರೆಗೆ ನಾನೂ ಅದನ್ನು ನಂಬಿರಲಿಲ್ಲ.